ಮಾಸ್ತರ ಕೈಯಾಗಿನ ತಂಬೂರಿ

ಹಾಡುವವರೂ ಇಲ್ಲದ, ತಬಲಾನೂ ಇಲ್ಲದ, ಬರೀ ತಂತಿವಾದ್ಯಗಳ ಮೇಳ ಕಟ್ಟಿಕೊಂಡು ಸುರಪುರ, ಶಹಾಪುರ, ಯಾದಗಿರಿ ಅಂತ ತಿರುಗುವವರು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಸ್ಸು ಹತ್ತಿ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತದೆ.

ನಾವು ನಾಲ್ವರು. ಮೊದಲನೇ ಪಿಟೀಲು ನಮ್ಮ ಮಾಸ್ತರು, ಸುರಪುರದ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಎರಡನೇ ಪಿಟೀಲು ನಾನು, ತಹಸೀಲ್ದಾರ್ ಕಚೇರಿಯ ಕಾರಕೂನ. ಮ್ಯಾಂಡೊಲಿನ್ ನುಡಿಸುವವನು ಸುರಪುರ–ಯಾದಗಿರಿ ಬಸ್ಸಿನ ಕಂಡಕ್ಟರ್. ಗಿಟಾರು ಶಹಾಪುರದ ಪ್ರಾಥಮಿಕ ಶಾಲೆಯ ಟೀಚರ್‌ದು. ಬುದ್ಧ ಪೂರ್ಣಿಮೆಗೆ ಓಣಿಯ ಮಕ್ಕಳಿಗೆ ಹಾಡು ಕಲಿಸಲೆಂದು ಗಿಟಾರು ಹಿಡಿದಾಕೆ, ಆಮೇಲೆ ಕೆಳಗಿಡಲೇ ಇಲ್ಲ. ಮಾಸ್ತರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ನಾನು ಕಾರಕೂನಪ್ಪ, ಅವನು ಕಂಡಕ್ಟ್ರ, ಆಕೆ ಟೀಚರವ್ವ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಮೇಳದ ಕಾಯಿದೆ ಒಂದೇ. ಒಂದು ರಾಗ ಆದಮೇಲೆ ಒಂದು ಹೊಸ ಸಿನಿಮಾ ಹಾಡು. ರಾಗ ಮಾಸ್ತರ ಹಟ, ಹಾಡು ಟೀಚರ್ ಹಟ. ಎಂಟು ವರ್ಷ ಇಬ್ಬರೂ ಸೋಲಲಿಲ್ಲ.

ಮಾಸ್ತರು ತೀರಿಕೊಂಡು ಐದು ತಿಂಗಳಾಯಿತು. ಅವರ ಬಗ್ಗೆ ನಾಲ್ಕು ಸಾಲು ದುಃಖದಿಂದ ಬರೆಯೋಣವೆಂದು ಕೂತರೆ ನಗೆ ಬರುವಂಥವೇ ನೆನಪಾಗುತ್ತವೆ. ಅದಕ್ಕೆ ನಾನೇನು ಮಾಡಲಿ?

ಗಂಟಲು ಕೆಟ್ಟವರು

ಹುಣಸಗಿಯಲ್ಲಿ ಒಬ್ಬ ಹೆಡ್‌ಮಾಸ್ತರರ ಬೀಳ್ಕೊಡುಗೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನಾವು ಒಂದೂವರೆ ತಾಸು ನುಡಿಸಿದೆವು. ಜನ ಮಿಸುಕಾಡದೆ ಕೂತಿದ್ದರು. ಅಷ್ಟು ಶಿಸ್ತಿನ ಸಭೆಯನ್ನು ನಾವು ಕಂಡಿರಲಿಲ್ಲ. ಮಾಸ್ತರಿಗೆ ಖುಷಿಯೋ ಖುಷಿ. "ಕೆನಾಲ್ ನೀರು ಕುಡದ ಮಂದಿ ನೋಡ್ರಿ. ರುಚಿ ತಿಳೀತದ," ಎಂದರು.

ನುಡಿಸಿ ಮುಗಿದು ಅರ್ಧ ತಾಸಾಯಿತು. ಅಡಿಗೆಯ ವಾಸನೆ ಮೂಗಿಗೆ ಬಡಿಯುತ್ತಿದೆ, ಊಟಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ. ಮುಕ್ಕಾಲು ತಾಸಾಯಿತು. ಕಂಡಕ್ಟರ್‌ಗೆ ತಡೆಯಲಾಗಲಿಲ್ಲ. ಊಟದ ಉಸ್ತುವಾರಿ ನೋಡುತ್ತಿದ್ದ ರೈತರೊಬ್ಬರನ್ನು ಕೇಳಿದ: "ಯಜಮಾನ್ರ, ಊಟಕ್ಕ ಇನ್ನ ತಡ ಅದೇನ್ರಿ?"

"ತಡ ಏನಿಲ್ರಿ, ಎಲ್ಲಾ ತಯಾರ ಐತಿ. ನಿಮ್ಮ ಹಾಡೋರು ಬರ್ಲಿ ಅಂತ ಕಾಯಾಕತ್ತೇವ್ರಿ. ಅವ್ರು ಬಂದು ಎರಡ ಹಾಡ ಹಾಡಿದ್ರ ಎಲ್ಲಾರೂ ಕೂಡೇ ಉಂಡಬಿಡೂದು. ಬಸ್‌ಸ್ಟ್ಯಾಂಡಿಗೆ ಒಬ್ಬಾಂವನ್ನ ಕಳಿಸೇವ್ರಿ, ಇಳದ ಕೂಡ್ಲೆ ಕರ್ಕೊಂಡು ಬರ್ತಾನ."

ಒಂದೂವರೆ ತಾಸು ಅವರು ಶಿಸ್ತಿನಿಂದ ಕಾದದ್ದು ಹಾಡುವವರಿಗಾಗಿ. ಮೇಳದಲ್ಲಿ ಇರುವವರು ನಾವೇ ನಾಲ್ಕು ಜನ ಎಂದು ಹೇಳಲು ಟೀಚರ್ ಬಾಯಿ ತೆರೆದರು. ಮಾಸ್ತರು ಕಣ್ಣಲ್ಲೇ ತಡೆದು, "ಅವರಿಗೆ ಗಂಟಲ ಕೆಟ್ಟದಂತ್ರಿ. ಇವತ್ತ ಬರಂಗಿಲ್ಲ," ಎಂದುಬಿಟ್ಟರು.

ಯಜಮಾನರ ಮುಖ ಸಪ್ಪಗಾಯಿತು. ಉಂಡು ಹೊರಡುವಾಗ ಅವರ ಹೆಂಡತಿ ಒಂದು ಡಬ್ಬಿ ತಂದು ಮಾಸ್ತರ ಕೈಗಿಟ್ಟರು. "ಹೋಳಿಗಿ ಅದಾವ್ರಿ, ಮ್ಯಾಲೆ ತುಪ್ಪ ಹಾಕೀನಿ. ನಿಮ್ಮ ಹಾಡೋರಿಗೆ ಮುಟ್ಟಿಸ್ರಿ. ಪಾಪ, ಗಂಟಲಿಗೆ ತುಪ್ಪ ಚಲೋ."

"ಮುಟ್ಟಿಸ್ತೀನವ್ವಾ," ಎಂದರು ಮಾಸ್ತರು, ಬಹಳ ಗಂಭೀರವಾಗಿ.

ಬಸ್ಸು ಸುರಪುರ ಮುಟ್ಟುವ ಮೊದಲೇ ಡಬ್ಬಿ ಖಾಲಿಯಾಗಿತ್ತು. ಕಂಡಕ್ಟರ್ ಬೆರಳು ನೆಕ್ಕುತ್ತ ಹೇಳಿದ: "ಗಂಟಲ ಈಗ ಆರಾಮ ಅದ ಅಂತ ಫೋನ್ ಮಾಡ್ಲೇನ್ರಿ?"

ಕುರಿಗಳು ಕೇಳಿದ ರಾಗ

ಒಂದು ಭಾನುವಾರ ಮಾಸ್ತರ ಪಕ್ಕದ ಮನೆಯಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಅಭ್ಯಾಸಕ್ಕೆ ಜಾಗವಿಲ್ಲ. "ನಡೀರಿ ಬೋನಾಳ ಕೆರಿಗೆ. ಹಕ್ಕಿ ಇದ್ದಲ್ಲಿ ಕೂತು ಬಾರಸೂನು," ಎಂದರು ಮಾಸ್ತರು.

ಕೆರೆಯ ದಂಡೆಯ ಬೇವಿನ ಗಿಡದ ಕೆಳಗೆ ಜಮಖಾನ ಹಾಸಿ ಕೂತೆವು. ಬೆಳಗಿನ ಹೊತ್ತು. ಮಾಸ್ತರು ತೋಡಿ ಶುರು ಮಾಡಿದರು, ತುಂಬ ನಿಧಾನವಾಗಿ, ಒಂದೊಂದು ಸ್ವರವನ್ನೂ ನೀರಿನ ಮೇಲೆ ಬಿಟ್ಟ ಹಾಗೆ. ಅಷ್ಟರಲ್ಲಿ ಒಂದು ಕುರಿಹಿಂಡು ಬಂತು. ಬಂದದ್ದೇ ಅಷ್ಟೂ ಕುರಿಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿ ನಿಂತವು. ಒಂದೂ ಅಲುಗಾಡಲಿಲ್ಲ.

ಮಾಸ್ತರ ಕಣ್ಣು ತುಂಬಿ ಬಂದವು. ನಮ್ಮ ಕಡೆಗೆ ತಿರುಗಿ ಹುಬ್ಬಲ್ಲೇ ತೋರಿಸಿದರು: ನೋಡಿರಿ, ಕುರಿಗೆ ತಿಳಿಯುತ್ತದೆ, ನಿಮಗೆ ತಿಳಿಯುವುದಿಲ್ಲ. ಇನ್ನಷ್ಟು ವಿಸ್ತಾರ ಮಾಡಿದರು.

ಕುರಿ ಕಾಯುವವನು ಹೆಗಲ ಕಂಬಳಿ ಸರಿಪಡಿಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ. ಬಹಳ ಹೊತ್ತು ಮರ್ಯಾದೆಯಿಂದ ಕಾದ. ಕೊನೆಗೆ, "ಸಾಹೇಬ್ರ, ಜರಾ ನಿಲ್ಲಸ್ತೀರೇನ್ರಿ?" ಎಂದ.

"ಯಾಕಪಾ? ನಿನ್ನ ಕುರಿ ಎಷ್ಟ ಚಂದ ಕೇಳಾಕತ್ತಾವ!"

"ಕೇಳಾಕತ್ತಿಲ್ರಿ, ಅಂಜಿ ನಿಂತಾವ. ದೂರದಾಗ ತ್ವಾಳ ಒದರಿದಂಗ ಆಗಾಕತ್ತೈತ್ರಿ ಅವಕ್ಕ. ಮುಂಜಾನಿಂದ ಹೊಟ್ಟಿಗಿ ಏನೂ ತಿಂದಿಲ್ರಿ."

ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಗಿಟಾರು ಎತ್ತಿಕೊಂಡು ಆ ವರ್ಷ ಎಲ್ಲ ಮದುವೆಗಳಲ್ಲೂ ಕೂಗುತ್ತಿದ್ದ ಸಿನಿಮಾ ಹಾಡೊಂದನ್ನು ಮೀಟಿದರು. ಒಂದು ಕುರಿ ತಲೆ ತಗ್ಗಿಸಿತು. ಆಮೇಲೆ ಹತ್ತು. ಆಮೇಲೆ ಅಷ್ಟೂ ಮೇಯತೊಡಗಿದವು.

"ಇದು ಬರೋಬ್ಬರಿ ಐತಿ ನೋಡ್ರಿ ಅವ್ವಾರ," ಎಂದ ಆತ. "ಲಗ್ನದ ಡಿ.ಜೆ.ದಾಗ ಕೇಳ್ಯಾವ ಇದನ್ನ. ಅಂಜಂಗಿಲ್ಲ."

ವಾಪಸು ಸುರಪುರದಲ್ಲಿ ಇಳಿದ ಮೇಲೆ ಮಾಸ್ತರು ಟೀಚರ್‌ಗೆ ಹೇಳಿದರು: "ಆ ಹಾಡಿನ ಸ್ವರ ನನಗೂ ಬರ್ಕೊಡವಾ. ಕುರಿ ಜಾಸ್ತಿ ಇರೋ ಸಭಾದಾಗ ಬಾರಸೂನು."

ಕೆಲಸಕ್ಕೆ ಬಾರದ ಕೈ

ಮಾಸ್ತರ ಕಾಲಿಗೆ ಬಾವು ಬರತೊಡಗಿದಾಗ ನೆಲದ ಮೇಲೆ ಕೂತು ಕೂತು ಹೀಗಾಗಿದೆ ಅಂದುಕೊಂಡೆವು. ಯಾದಗಿರಿಯ ದವಾಖಾನೆಗೆ ಹೋದಾಗ ಎರಡೂ ಕಿಡ್ನಿ ಕೈ ಬಿಟ್ಟಿವೆ ಅಂತ ಗೊತ್ತಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಅದಕ್ಕೆ ಮೊದಲು ಮುಂಗೈ ಹತ್ತಿರ ಒಂದು ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಕೂಡಿಸಬೇಕು, ಸೂಜಿ ಚುಚ್ಚಲು ಅನುಕೂಲವಾಗುವಂತೆ.

ಡಾಕ್ಟರಮ್ಮ ಮೈಸೂರು ಕಡೆಯವರು. ತುಂಬ ಮೆದುವಾಗಿ ಕೇಳಿದರು: "ಯಜಮಾನ್ರೇ, ನೀವು ಹೆಚ್ಚು ಕೆಲಸಕ್ಕೆ ಬಳಸದೇ ಇರೋ ಕೈ ಯಾವುದು ಹೇಳಿ. ಆ ಕೈಗೆ ಮಾಡ್ತೀವಿ."

ಮಾಸ್ತರು ಎರಡೂ ಕೈಗಳನ್ನು ಮುಂದೆ ಚಾಚಿ ತಿರುಗಿಸಿ ಮುರುಗಿಸಿ ನೋಡಿದರು. "ಕೆಲಸಕ್ಕ ಬಾರದ ಕೈ ಅರವತ್ತು ವರ್ಷದಿಂದ ನಾನೂ ಹುಡಕಾಕತ್ತೇನ್ರಿ ಡಾಕ್ಟ್ರೇ. ಸಿಕ್ಕಿಲ್ಲ."

ನಾಳೆ ಬಂದು ಹೇಳಿ ಎಂದು ಕಳಿಸಿದರು. ಹೊರಗೆ ಬೆಂಚಿನ ಮೇಲೆ ವಾದ ಶುರುವಾಯಿತು. ಎಡಗೈಗೆ ಮಾಡಿಸಿ ಎಂದು ಕಂಡಕ್ಟರ್. ಎಡಗೈ ಬೆರಳುಗಳೇ ಅಲ್ಲವೇ ಸ್ವರ ಒತ್ತುವುದು, ಬಲಗೈಗೆ ಮಾಡಿಸಿ ಎಂದು ಟೀಚರ್. "ಉಣ್ಣೋ ಕೈ ಒಂದು ಬಿಡ್ರಿ," ಎಂದರು ಮಾಸ್ತರ ಹೆಂಡತಿ. ನಾವು ಅವರನ್ನು ಅಮ್ಮಾರು ಅನ್ನುತ್ತೇವೆ.

ಮಾಸ್ತರು ಎಲ್ಲರದೂ ಕೇಳಿಸಿಕೊಂಡು ಹೇಳಿದರು: "ಎಡಗೈ ಸ್ವರ, ಕಮಾನು ಎಳೆಯೋ ಬಲಗೈ ಉಸುರು. ಸ್ವರ ತಪ್ಪಿದ್ರ ಮಂದಿಗೆ ತಿಳೀತದ. ಉಸುರು ಕಮ್ಮಿ ಆದ್ರ, ಮಾಸ್ತರಿಗೆ ವಯಸ್ಸಾತು ಅಂತಾರ. ಬಲಗೈಗೇ ಮಾಡ್ಲಿ."

ಆಪರೇಷನ್ ಆದಮೇಲೆ ಆರು ವಾರ ಕಮಾನು ಮುಟ್ಟುವ ಹಾಗಿರಲಿಲ್ಲ. ಆದರೂ ಭಾನುವಾರದ ಅಭ್ಯಾಸ ತಪ್ಪಲಿಲ್ಲ. ಮಾಸ್ತರು ಪಿಟೀಲು ಹಿಡಿದು ಎಡಗೈ ಬೆರಳುಗಳನ್ನಷ್ಟೇ ತಂತಿಯ ಮೇಲೆ ಓಡಿಸುತ್ತಿದ್ದರು. ಸದ್ದಿಲ್ಲ. ನಾವು ಮೂವರು ಎದುರಿಗೆ ಕೂತು ಅವರ ಬೆರಳು ನೋಡುತ್ತಿದ್ದೆವು. ಒಂದು ಸಲ ಅರ್ಧ ತಾಸು ಹೀಗೇ ಮೌನದಲ್ಲಿ ಒಂದು ಪೂರ್ತಿ ಭೀಮಪಲಾಸಿ ಮುಗಿಸಿ ಬೆವರು ಒರೆಸಿಕೊಂಡು, "ಹ್ಯಾಂಗಾತು?" ಎಂದು ಕೇಳಿದರು.

ಟೀಚರ್ ಕಿಟಕಿಯ ಕಡೆ ಮುಖ ಮಾಡಿದ್ದರು. ಕಂಡಕ್ಟರ್ ಹೇಳಿದ: "ಖರೆ ಹೇಳ್ಲೇನ್ರಿ ಮಾಸ್ತರ? ಇಷ್ಟ ಚಲೋ ನೀವು ಎಂದೂ ಬಾರಸಿಲ್ಲ."

ಮೂರನೇ ಮಂಚ

ಮಂಗಳವಾರ ಮತ್ತು ಶನಿವಾರ ಮಾಸ್ತರ ಸರದಿ. ಕಂಡಕ್ಟರ್ ತನ್ನ ಬಸ್ಸಿನ ಮುಂದಿನ ಸೀಟಿಗೆ ಟವೆಲು ಹಾಕಿ ಇಡುತ್ತಿದ್ದ. ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ಟೀಚರ್ ಶಹಾಪುರದಿಂದ ಗಿಟಾರಿನ ಸಮೇತ ಬರುತ್ತಿದ್ದರು. ನಾನು ಪಿಟೀಲು ಒಯ್ಯುತ್ತಿದ್ದೆ.

ಆ ವಾರ್ಡಿನಲ್ಲಿ ಎಂಟು ಮಂಚ, ಎಂಟು ಮಷೀನು. ಯಾವುದಾದರೂ ಒಂದು ಸದಾ ಕೀಂ ಅನ್ನುತ್ತಿರುತ್ತದೆ. ಮೊದಲ ದಿನವೇ ಮಾಸ್ತರು ಟೆಕ್ನಿಷಿಯನ್‌ನನ್ನು ಕರೆದು ದೂರು ಕೊಟ್ಟರು: "ತಮ್ಮಾ, ಎಲ್ಲಾ ಒಂದ ಕಂಪನಿ ಮಷೀನ್ ಅಂತೀರಿ. ಆ ಮೂರನೇದು ಶ್ರುತಿದಾಗ ಇಲ್ಲಲ್ಲೋ."

ಮೂರನೇ ಮಂಚದಲ್ಲಿದ್ದಾಕೆ ಶಹಾಪುರದ ಹತ್ತಿರದ ಹಳ್ಳಿಯ ಒಬ್ಬ ಮುದುಕಿ. ಹೊಲದ ಕೂಲಿ ಮಾಡಿ ಸವೆದ ಕೈಗಳು. ಗಿಟಾರಿನ ಡಬ್ಬಿ ನೋಡಿ ಕೇಳಿದಳು: "ಅದರಾಗ ಏನ್ ಐತಿ ಟೀಚರವ್ವಾ? ಬಾರಸದು ಇದ್ರ ಬಾರಸು. ನಾಕ ತಾಸು ಫ್ಯಾನ್ ನೋಡಿ ನೋಡಿ ನನಗ ತಲಿ ಕೆಟ್ಟೈತಿ."

ಸಿಸ್ಟರು "ಸಣ್ಣಕ ಬಾರಸ್ರಿ" ಎಂದು ಒಪ್ಪಿದರು. ಬಲಗೈಯಲ್ಲಿ ಸೂಜಿ ಇರುವುದರಿಂದ ಮಾಸ್ತರು ಮಲಗಿದಲ್ಲೇ ಎಡಗೈ ಬೆರಳಿನಿಂದ ತಾಳ ಹಾಕಿದರು. ನಾವಿಬ್ಬರು ಭೀಮಪಲಾಸಿ ನುಡಿಸಿದೆವು. ಮುಗಿಯುವ ಹೊತ್ತಿಗೆ ಮುದುಕಿಗೆ ಬಿ.ಪಿ. ಇಳಿದು ಟೆಕ್ನಿಷಿಯನ್ ಓಡಿ ಬಂದ. ಡಯಾಲಿಸಿಸ್‌ನಲ್ಲಿ ಅದು ಆಗುವುದೇ. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಆದರೆ ಮುಂದಿನ ಶನಿವಾರವೂ ರಾಗ ನುಡಿಸಿದಾಗಲೇ ಇನ್ನೊಬ್ಬರಿಗೆ ಹಾಗೇ ಆಯಿತು.

ಟೆಕ್ನಿಷಿಯನ್ ನಗುತ್ತ ಮಾಸ್ತರ ಬಳಿ ಬಂದ. "ನಿಮ್ಮ ರಾಗಕ್ಕ ಮಂದಿ ಬಿ.ಪಿ. ಇಳ್ಯಾಕತ್ತದ ನೋಡ್ರಿ. ಸಿನಿಮಾ ಹಾಡ ಹೊಡೀರಿ."

"ಬಾಯಿಲೆ ಹೇಳಿದ್ರ ನಾ ಒಪ್ಪಂಗಿಲ್ಲ. ಚೀಟಿ ಬರ್ದಕೊಡು."

ಅವನು ಒಂದು ಚೀಟಿ ತೆಗೆದು ಬರೆದೇ ಕೊಟ್ಟ: ಸಿನಿಮಾ ಹಾಡು, ಸರದಿಗೆ ಎರಡು. ಅದನ್ನು ಟೀಚರ್ ಗಟ್ಟಿಯಾಗಿ ಓದಿದಾಗ ಮೂರನೇ ಮಂಚದಿಂದ ಮುದುಕಿ ಕೂಗಿದಳು: "ಏ ತಮ್ಮಾ, ಮೂರ ಬರಿಯೋ! ಎರಡ ಯಾವ ಮೂಲಿಗೆ ಆಗತಾವ?"

ಮೂರು ತಿಂಗಳು ಹೀಗೇ ನಡೆಯಿತು. ಒಂದು ಶನಿವಾರ ಹೋದಾಗ ಮೂರನೇ ಮಂಚಕ್ಕೆ ಒಗೆದ ಹಾಸಿಗೆ ಹಾಸಿದ್ದರು, ಮಂಚ ಖಾಲಿ ಇತ್ತು. ಟೀಚರ್ ಎರಡು ಹಾಡು ಮುಗಿಸಿ ಗಿಟಾರು ಡಬ್ಬಿಗೆ ಹಾಕಹೋದರು.

"ಇನ್ನೊಂದು ಬಾರಸು ಟೀಚರವ್ವಾ," ಎಂದರು ಮಾಸ್ತರು, ಕಣ್ಣು ಮುಚ್ಚಿಕೊಂಡೇ. "ಚೀಟಿ ನಾ ತಿದ್ದಸ್ತೀನಿ."

ತಂಬೂರಿ

ಆಪರೇಷನ್ ಆದ ಕೈಯಲ್ಲಿ ಒಂದು ವಿಚಿತ್ರವಿತ್ತು. ರಕ್ತ ಜೋರಾಗಿ ಹರಿಯುವುದರಿಂದ ಆ ಜಾಗದಲ್ಲಿ ಸದಾ ಒಂದು ಗುಂಯ್ ಎಂಬ ಸದ್ದು. ಮುಟ್ಟಿದರೆ ನಡುಕ ತಿಳಿಯುತ್ತದೆ, ಕಿವಿ ಇಟ್ಟರೆ ಕೇಳುತ್ತದೆ. ಅದು ಇದ್ದರೇ ಕೈ ಸರಿಯಿದೆ ಎಂದು ಅರ್ಥ, ದಿನಾ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದರು.

ಮಾಸ್ತರಿಗೆ ಅದೊಂದು ಸಂಭ್ರಮ. "ಇಷ್ಟ ವರ್ಷ ತಂಬೂರಿ ಹೊತ್ಕೊಂಡ ತಿರುಗಿದ್ದಾತು. ಡಾಕ್ಟ್ರು ಕೈಯಾಗೇ ಇಟ್ಟಬಿಟ್ಟಾರ," ಎನ್ನುತ್ತಿದ್ದರು. ಬಂದವರಿಗೆಲ್ಲ ಕೈ ಚಾಚಿ ಕೇಳಿಸುತ್ತಿದ್ದರು. ಕಂಡಕ್ಟರ್ ಕಿವಿ ಇಟ್ಟು ಬಹಳ ಹೊತ್ತು ಕೇಳಿದ.

"ಯಾವ ಶ್ರುತಿ ಹೇಳು ನೋಡೂನು."

"ನನಗ ನಮ್ಮ ಬಸ್ ಚಾಲೂ ಇಟ್ಟು ನಿಂತಂಗ ಕೇಳ್ತದ್ರಿ," ಎಂದ ಅವನು.

ಆ ಕೈಯಲ್ಲೇ ಮಾಸ್ತರು ಮೂರು ಕಾರ್ಯಕ್ರಮ ಕೊಟ್ಟರು. ಕಮಾನು ಮೊದಲಿನಷ್ಟು ಉದ್ದಕ್ಕೆ ಹೋಗುತ್ತಿರಲಿಲ್ಲ. ಮೂರನೆಯದು ಸುರಪುರದಲ್ಲಿ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರೋ "ಮಾಸ್ತರಿಗೆ ವಯಸ್ಸಾತು" ಎಂದದ್ದು ನಮ್ಮೆಲ್ಲರಿಗೂ ಕೇಳಿಸಿತು. ಮಾಸ್ತರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಅದಾಗಿ ಹತ್ತೋ ಹನ್ನೆರಡೋ ದಿನಕ್ಕೆ, ನಾನು ಕಚೇರಿಗೆ ಹೊರಟಿದ್ದಾಗ ಮಾಸ್ತರ ಫೋನು ಬಂತು. "ಕಾರಕೂನಪ್ಪಾ, ತಂಬೂರಿ ನಿಂತದ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಚೇರಿಯ ದಾರಿ ಬಿಟ್ಟು ಮಾಸ್ತರ ಮನೆಗೆ ಓಡಿದೆ.

ಕಂಡಕ್ಟರ್ ಬಸ್ಸಿನಲ್ಲೇ ಯಾದಗಿರಿಗೆ ಹೋದೆವು. ಡಾಕ್ಟರಮ್ಮ ಸ್ಟೆತಾಸ್ಕೋಪು ಕೈಮೇಲಿಟ್ಟು ಅಲ್ಲಿ ಇಲ್ಲಿ ಸರಿಸಿ, ಕಣ್ಣು ಮುಚ್ಚಿ ಕೇಳಿದರು. ರಕ್ತ ಹೆಪ್ಪುಗಟ್ಟಿತ್ತು. "ಏನೂ ಕೇಳಿಸ್ತಾ ಇಲ್ಲ ಯಜಮಾನ್ರೇ," ಎಂದರು ಸಣ್ಣ ದನಿಯಲ್ಲಿ.

ಮಾಸ್ತರು ನನ್ನ ಕಡೆ ತಿರುಗಿದರು. "ನೋಡು, ಡಾಕ್ಟ್ರ ಕಿವಿ ಎಷ್ಟ ಚಲೋ ಅದ. ಎರಡನೇ ಪಿಟೀಲಿಗೆ ನಿನ್ನ ಬದಲಿ ಇವರನ್ನ ಕೂಡಿಸಬೇಕಿತ್ತು."

ಕಲಬುರಗಿಗೆ ಒಯ್ದೆವು. ಡಯಾಲಿಸಿಸ್ ಮಾಡಲೆಂದು ಕುತ್ತಿಗೆಗೆ ನಳಿಕೆ ಹಾಕಿದರು. ಜ್ವರ ಬಂತು, ಇಳಿಯಲಿಲ್ಲ. ಹನ್ನೊಂದನೇ ದಿನ ಮಾಸ್ತರು ಹೋದರು.

ಅಡಿಗೆಮನೆಯಿಂದ

ಮೇಳ ನಿಲ್ಲಿಸುವುದೆಂದು ನಾವು ಮೂವರೂ ಮಾತಾಡಿಕೊಂಡೆವು. ಮಾತೂ ಬಹಳ ಬೇಕಾಗಲಿಲ್ಲ. ನನ್ನ ಬಳಿ ಮಾಸ್ತರ ಸ್ವರಪುಸ್ತಕಗಳಿದ್ದವು. ಅವನ್ನು ಅಮ್ಮಾರಿಗೆ ಒಪ್ಪಿಸಿ ಬರೋಣವೆಂದು ಒಂದು ಭಾನುವಾರ ಸಂಜೆ ಮನೆಗೆ ಹೋದೆವು. ಎಂದಿನ ರೂಢಿಯಂತೆ ವಾದ್ಯಗಳು ಕೈಯಲ್ಲೇ ಇದ್ದವು. ಯಾಕೆ ಹೊತ್ತು ತಂದೆವೆಂದು ನಮಗೇ ಗೊತ್ತಿರಲಿಲ್ಲ.

ಅಮ್ಮಾರು ಚಹಾ ಕೊಟ್ಟರು. ಪುಸ್ತಕಗಳನ್ನು ಕೈಯಲ್ಲಿ ಹಿಡಿಯಲಿಲ್ಲ. "ಅಲ್ಲೇ ಇಡ್ರಿ," ಎಂದರು. ಆಮೇಲೆ, "ಬಂದೀರಿ, ಒಂದೀಟ ಬಾರಿಸಿ ಹೋಗ್ರಿ. ಐತವಾರ ಬಂತಂದ್ರ ಮನಿ ಬಣಬಣ ಅಂತದ," ಎಂದು ರೊಟ್ಟಿ ಮಾಡಲು ಒಳಗೆ ಹೋದರು.

ಪಡಸಾಲೆಯಲ್ಲಿ ಕೂತೆವು. ಮಾಸ್ತರು ಕೂರುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಕೂತೆವು. ಯಮನ್ ಶುರು ಮಾಡಿದೆವು. ಮೊದಲನೇ ಪಿಟೀಲು ನಾನೇ ಹಿಡಿಯಬೇಕಾಯಿತು. ಎರಡು ಸಾಲು ಹೋಗಿರಬೇಕು, ಅಡಿಗೆಮನೆಯಿಂದ ಕೂಗು ಬಂತು:

"ಗಾಂಧಾರ ಇಳದದ!"

ಮೂವರ ಕೈಗಳೂ ನಿಂತವು. ಅಭ್ಯಾಸದಲ್ಲಿ ಮಾಸ್ತರು ಒದರುತ್ತಿದ್ದ ಅದೇ ಮಾತು, ಅದೇ ಸಿಟ್ಟು, ಅದೇ ಎಳೆತ. ಧ್ವನಿ ಮಾತ್ರ ಅಮ್ಮಾರದು. ನಾನು ತಂತಿ ಮೀಟಿ ನೋಡಿದೆ. ನಿಜಕ್ಕೂ ನನ್ನ ಗಾಂಧಾರ ಸ್ವರ ಇಳಿದಿತ್ತು.

ಅಮ್ಮಾರು ಬಾಗಿಲಿಗೆ ಬಂದು ನಿಂತರು, ಕೈತುಂಬ ಜೋಳದ ಹಿಟ್ಟು. ತಾವೇ ಗಾಬರಿಯಾದವರ ಹಾಗೆ ಕಾಣುತ್ತಿದ್ದರು.

"ಅಮ್ಮಾರ," ಎಂದರು ಟೀಚರ್, "ನಿಮಗ ಗಾಂಧಾರ ತಿಳೀತದೇನ್ರಿ?"

"ನನಗೇನ್ ತಿಳೀತದವಾ! ಗಾಂಧಾರ ಅಂದ್ರ ಏನು ಅಂತ ಇವತ್ತಿನ ತನಕ ಗೊತ್ತಿಲ್ಲ. ಇಂಥಾ ಸಪ್ಪಳ ಬಂತಂದ್ರ ಅವ್ರು ಹಂಗ ಒದರ್ತಿದ್ರು. ನಲವತ್ತು ವರ್ಷ ಕೇಳೇನಿ. ಇವತ್ತ ಸಪ್ಪಳ ಬಂತು, 'ಈಗ ಒದರ್ತಾರ, ಈಗ ಒದರ್ತಾರ' ಅಂತ ಕಾದೆ. ಬರ್ಲಿಲ್ಲ. ತಡಕೊಳ್ಳಾಕ ಆಗ್ಲಿಲ್ಲಪಾ."

ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ನಾನು ಬೆರಳು ಸರಿಪಡಿಸಿಕೊಂಡು ಅದೇ ಸಾಲನ್ನು ಮತ್ತೆ ನುಡಿಸಿದೆ. ಅಮ್ಮಾರು ತಲೆ ವಾಲಿಸಿ ಕೇಳಿದರು.

"ಈಗ ಹ್ಯಾಂಗ್ರಿ?"

"ಈಗ ಅವ್ರು ಸುಮ್ಮನ ಇರ್ತಿದ್ರು," ಎಂದರು.

ಕಂಡಕ್ಟರ್ ಕಣ್ಣೊರೆಸಿಕೊಂಡು ಮ್ಯಾಂಡೊಲಿನ್ ಮುಂದಕ್ಕೆ ಹಿಡಿದ. "ಅಮ್ಮಾರ, ನಂದೂ ಒಂದ್ ಸಲ ಕೇಳಿ ಹೇಳ್ರಲ್ಲ."

"ನಿಂದಕ್ಕ ಅವ್ರು ಒದರೂದು ಬಿಟ್ಟೇ ಭಾಳ ವರ್ಷ ಆಗಿತ್ತಲ್ಲೋ ತಮ್ಮಾ," ಎಂದು ಅಮ್ಮಾರು ರೊಟ್ಟಿ ತಿರುವಿ ಹಾಕಲು ಒಳಗೆ ಹೋದರು.